ನೆಗೆಣ್ಣಿ ಕಂಡ ಎರೆಭೂತ

ನೆಗೆಣ್ಣಿಗೆ ನನಗಿಂತ ಛಲೋ ಸೀರೆ ತಂದಿದ್ದರೂ ನಾನು ಸುಮ್ಮನಿರುತ್ತಿದ್ದೆ. ನನ್ನ ಹೊಟ್ಟೆ ಉರಿದದ್ದು ಒಂದು ಹಕ್ಕಿಯ ಸಲುವಾಗಿ.

ಚಿಮ್ಮಡದ ಸುತ್ತ ಎರೆಹೊಲಗಳ ನಡುವೆ ಅಲ್ಲಲ್ಲಿ ಹುಲ್ಲಿನ ಬೀಳುಭೂಮಿ ಇತ್ತು. ಮಳೆಗಾಲದಲ್ಲಿ ಅಲ್ಲಿಗೆ ಎರೆಭೂತ ಬರುತ್ತಿತ್ತು. ಹೆಸರು ಭೂತವಾದರೂ ಅದು ಹಕ್ಕಿ. ಮನುಷ್ಯನ ನಡುವಿನಷ್ಟು ಎತ್ತರವಂತೆ, ಬಿಳಿ ಕುತ್ತಿಗೆಯಂತೆ, ನೆತ್ತಿಗೆ ಕರಿ ಟೊಪ್ಪಿಗೆಯಂತೆ. ಗೂಡು ಕಟ್ಟದೆ ಬರಿ ನೆಲದ ಮೇಲೆ ಒಂದೇ ಮೊಟ್ಟೆ ಇಟ್ಟು ಕೂಡುತ್ತದಂತೆ. ಸಂಸ್ಥಾನಗಳ ಕಾಲವದು, ಬೇಟೆಯವರಿಗೆ ಅದರ ಮಾಂಸವೆಂದರೆ ಪ್ರಾಣ. ಆದ್ದರಿಂದ ಅದು ಕೂತ ಜಾಗದ ಬಗ್ಗೆ ನಮ್ಮ ಮಾವ ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಕುಂಟೆ ಹೊಡೆಯುವಾಗ ಅತ್ತ ಹಾಯಬಾರದೆಂದು ಇಬ್ಬರು ಗಂಡುಮಕ್ಕಳಿಗೆ ಹೇಳಿದ್ದರು. ಆಮೇಲೆ ಕಿರಿಸೊಸೆಗೆ, ಅಂದರೆ ನನ್ನ ನೆಗೆಣ್ಣಿಗೆ, ಹೇಳಿದರು. ಹಿರಿಸೊಸೆ ನಾನು, ನನಗೆ ಹೇಳಲಿಲ್ಲ.

ಕಾರಣ ನನ್ನ ತವರು. ಮುಧೋಳದಲ್ಲಿ ನಮ್ಮಣ್ಣ ಅರಮನೆಯ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದ. "ನಾಯಿ ಸಾಕೋರ ಮನಿ ಹೆಣ್ಣು. ಅಣ್ಣನ ಮುಂದ ಒಂದ ಮಾತು ಜಾರಿತಂದ್ರ ಆತು," ಎಂದು ಮಾವ ಅತ್ತೆಗೆ ಅಂದದ್ದು ನನ್ನ ಕಿವಿಗೇ ಬಿತ್ತು. ವರ್ಷದ ಜೋಳ ಹುಗಿದಿಟ್ಟ ಹಗೇವು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಹಕ್ಕಿ ಎಲ್ಲಿದೆಯೆಂದು ಗೊತ್ತಿರಬಾರದಿತ್ತು!

ನೆಗೆಣ್ಣಿ ಮಾವನ ಜೊತೆ ಬಂಡಿಯಲ್ಲಿ ಹೋಗಿ ನೋಡಿ ಬರುತ್ತಿದ್ದಳು. ನಡೆದು ಬಂದವರಿಗೆ ಆ ಹಕ್ಕಿ ಬೆದರುತ್ತದೆ, ಎತ್ತಿನ ಬಂಡಿಗೆ ಅಂಜುವುದಿಲ್ಲ. ಬಂದವಳೇ ರೊಟ್ಟಿ ಬಡಿಯುತ್ತ ನನಗೆ ಪಾಠ ಶುರು ಮಾಡುವಳು.

"ಬಂಡಿ ನಿಂದರಸಬಾರದಕ್ಕಾ. ಇಳೀಬಾರದು, ಬಟ್ಟು ಮಾಡಿ ತೋರಸಬಾರದು. ದೂರಿಂದನ ನೋಡಿ ಹಂಗ ಮುಂದ ಹೋಗಬೇಕು. ನಾವು ನಿಂತ್ರ ಅದು ತತ್ತಿ ಬಿಟ್ಟು ಏಳತೈತಿ, ಕಾಗಿ ಬಂದು ಒಡೀತಾವು."

ಗಂಡುಹಕ್ಕಿ ಕೊರಳು ಉಬ್ಬಿಸಿ ಕುಣಿಯುವುದನ್ನು ಹಿಟ್ಟಿನ ಕೈಯಲ್ಲೇ ಮಾಡಿ ತೋರಿಸುವಳು.

"ರೊಟ್ಟಿ ಹೊತ್ತಾಕತ್ತೈತಿ ನೋಡು," ಎನ್ನುತ್ತಿದ್ದೆ ನಾನು. ರೊಟ್ಟಿ ಹೊತ್ತಿರುತ್ತಿರಲಿಲ್ಲ.

ಗಂಡನನ್ನು ಕೇಳಿದರೆ, "ಅಪ್ಪನ್ನ ಕೇಳು," ಎಂದು ಎದ್ದು ಹೋದ. ಮಾವನನ್ನು ಕೇಳಲು ನನ್ನ ಸೊಕ್ಕು ಬಿಡಲಿಲ್ಲ. ಅವರಾಗಿಯೇ ಒಂದು ದಿನ 'ಬಾ, ಬಂಡಿ ಹತ್ತು' ಎನ್ನಬೇಕಾಗಿತ್ತು ನನಗೆ. ಈ ಮನೆಯವಳು ಅನ್ನಿಸಿಕೊಳ್ಳಲು ಅದೊಂದೇ ಬಾಕಿ ಉಳಿದಂತಿತ್ತು.

ಆ ಶ್ರಾವಣದಲ್ಲಿ ನೆಗೆಣ್ಣಿ ಪಂಚಮಿಗೆಂದು ಮೊದಲೇ ತವರಿಗೆ ಹೋಗಿದ್ದಳು. ನನ್ನನ್ನು ಕರೆಯಲು ಅಣ್ಣ ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದ. ಬಂಡಿಯ ಹಿಂದೆ ಅವನ ಸ್ವಂತ ನಾಯಿ, ಬೆನ್ನಿಗಂಟಿದ ಹೊಟ್ಟೆ, ಉದ್ದುದ್ದ ಕಾಲು. ಮನೆಯ ಗಂಡಸರೆಲ್ಲ ಬನಹಟ್ಟಿ ಸಂತೆಗೆ ಹೋಗಿದ್ದರು. ಮಳೆ ಹಿಡಿಯುವ ಮೊದಲು ಊರು ಮುಟ್ಟಬೇಕೆಂದು ಅಣ್ಣ ಅವಸರ ಮಾಡಿದ. ಅತ್ತೆ ಬುತ್ತಿ ಕಟ್ಟಿಕೊಟ್ಟಳು, ಹೊರಟೆವು.

ಊರು ದಾಟಿದೊಡನೆ ಎರಡೂ ಬದಿಗೆ ಹುಲ್ಲು. ಹಕ್ಕಿ ಎಡಕ್ಕಿದೆಯೋ, ಬಲಕ್ಕಿದೆಯೋ, ಇನ್ನೂ ಮುಂದಿದೆಯೋ? ನನಗೇನು ಗೊತ್ತು.

"ಅಣ್ಣಾ, ನಾಯೀನ ಬಂಡಿಗೆ ಕಟ್ಟು," ಎಂದೆ.

"ಯಾಕವಾ? ಬಯಲಾಗ ಓಡಲಿ ಬಿಡು."

ಯಾಕೆಂದು ಹೇಳಿದರೆ ಮಾವ ಅಂದದ್ದನ್ನು ನಾನೇ ಖರೆ ಮಾಡಿದಂತೆ. ಬುತ್ತಿಗಂಟನ್ನು ಮಡಿಲಿಗೆ ಎಳೆದುಕೊಂಡೆ. ಅಣ್ಣ ನಕ್ಕು ಎತ್ತುಗಳನ್ನು ಹೊಡೆದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಯಿ ಎಡಕ್ಕೆ ಹಾರಿತು. ಹುಲ್ಲಿನೊಳಗಿಂದ ದೊಡ್ಡದೊಂದು ಹಕ್ಕಿ ಎದ್ದಿತು. ಅಗಲವಾದ ರೆಕ್ಕೆ, ಮುಂದಕ್ಕೆ ಚಾಚಿದ ಬಿಳಿ ಕುತ್ತಿಗೆ. ನಮ್ಮ ಕಡೆ ತಿರುಗದೆ ಕೃಷ್ಣೆಯ ದಿಕ್ಕಿಗೆ ಹೋಯಿತು. ನಾನು ಎರೆಭೂತವನ್ನು ಕಂಡದ್ದು ಅಷ್ಟೇ. ಅಣ್ಣ ಕೂಗಿದ ಮೇಲೆ ನಾಯಿ ಬಂತು, ಮೂತಿಗೆಲ್ಲ ಮೊಟ್ಟೆಯ ಹಳದಿ ಹತ್ತಿತ್ತು.

ಪಂಚಮಿ ಮುಗಿಸಿ ಬಂದಾಗ ಮಾವ ಪಡಸಾಲೆಯಲ್ಲಿ ಕೂತಿದ್ದರು. ಒಡೆದ ಚಿಪ್ಪನ್ನೂ ನಾಯಿಯ ಹೆಜ್ಜೆಯನ್ನೂ ಅವರು ನೋಡಿಯಾಗಿತ್ತು. ನನ್ನ ಗಂಟು ಇಳಿಸಲೂ ಬಿಡಲಿಲ್ಲ.

"ಅಣ್ಣನ ಮುಂದ ಹೇಳಿದ್ಯಾ?"

"ಹೇಳಲಿಲ್ಲರಿ ಮಾವಾರ. ಹೇಳಿದ್ದರ ನಾಯಿ ಕಟ್ಟತಿದ್ದ."

 ಮುಂದಿನ ಮಳೆಗಾಲ ಮಾವ ತಾವಾಗಿಯೇ ಬಂಡಿ ಹೂಡಿ ನನ್ನನ್ನು ಕರೆದರು. ಸುತ್ತಿ ಸುತ್ತಿ ಬಂದೆವು, ಬರಿ ಹುಲ್ಲು. ಅದರ ಮುಂದಿನ ವರ್ಷವೂ ಹಕ್ಕಿ ಬರಲಿಲ್ಲ. ನೆಗೆಣ್ಣಿ ಅಡುಗೆಮನೆಯಲ್ಲಿ ಸೆರಗು ಮುಚ್ಚಿಕೊಂಡು ಅತ್ತಳು. ಅವಳು ಕಣ್ತುಂಬ ನೋಡಿದವಳು, ಅಳಬಲ್ಲವಳಾಗಿದ್ದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.