ಹಳೇ ಡ್ರೈವಿನ ಮಗ್ಗುಲಲ್ಲಿ

ನಮ್ಮವರು ನಿಪ್ಪಾಣಿಯ ಒಂದು ತಂಬಾಕು ವಖಾರದಲ್ಲಿ ಗುಮಾಸ್ತರಾಗಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಕೇಳಿ ಮನೆಗೆ ತಂದರು. ನಮ್ಮ ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವರ ಮನೆಮಾತು ಮರಾಠಿ. ನಾನು ಕಬ್ಬೂರಿನವಳು, ಕನ್ನಡ ಶಾಲೆಯ ಶಿಕ್ಷಕಿ. ಅವರಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆ ಮಾತ್ರ ಹೊರಳುತ್ತಿರಲಿಲ್ಲ. ನೀರಿನ ‘ಕೆರಿ’ ಅನ್ನಲು ಹೋಗಿ ಓಣಿಯ ‘ಕೇರಿ’ ಅನ್ನುವರು. “ಕೇರಿ ತುಂಬ ನೀರ ಐತಿ” ಅಂದಾಗ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ.

ದಿನಾ ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅವರು ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡುವರು.

“ಏನ ಬರಿತೀರಿ?”

“ವಖಾರದ ಕೆಲ್ಸ.”

ನಂಬಿದ್ದೆ.

ಒಂಬತ್ತು ವರ್ಷ ಸಂಸಾರ ಮಾಡಿದೆವು. ಕಾಮಾಲೆ ಬಂದು ಹದಿನೈದು ದಿನದಲ್ಲಿ ಹೋಗಿಬಿಟ್ಟರು. ಕಂಪ್ಯೂಟರಿಗೆ ಚಾದರ ಹೊದಿಸಿಟ್ಟೆ. ಎಷ್ಟೋ ವರ್ಷಗಳ ಮೇಲೆ ವರ್ಗವಾಗಿ ಚಿಕ್ಕೋಡಿಗೆ ಬಂದೆ. ಸಾಮಾನು ಇಳಿಸುವಾಗ ಅವರ ಟ್ರಂಕಿನಲ್ಲಿ ನಾಲ್ಕು ಫ್ಲಾಪಿ ಸಿಕ್ಕವು. ಮೇಲೆ ಅವರದೇ ಅಕ್ಷರ: ‘ತಿಚೇ ಶಬ್ದ’. ಅವಳ ಮಾತುಗಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಅವಳ ಮಷಿನ್ನಿನಲ್ಲಿ ಒಂದೂ ಓದಲಿಲ್ಲ. ಮನೆಗೆ ಬಂದು ನಮ್ಮ ಹಳೇ ಡ್ರೈವಿಗೆ ಸ್ಪಿರಿಟ್ ಹಚ್ಚಿ ಒರೆಸಿ ಹಾಕಿ ನೋಡಿದಳು. ಗೊರಗುಟ್ಟುತ್ತ ಓದಿತು.

“ಇದರ ಓದೂ-ಬರಿಯೂ ಹೆಡ್ ಸ್ವಲ್ಪ ಸರದೈತ್ರಿ ಅಕ್ಕೋರ. ಇದು ಬರೆದಿದ್ದು ಇದಕ್ಕಷ್ಟ ತಿಳಿತೈತಿ. ಆದ್ರ ಯಾವಾಗ ನಿಲ್ಲತೈತೋ ಹೇಳಾಕ ಬರಂಗಿಲ್ಲ.”

“ತಗದ ಹೊಸಾದು ಹಾಕ್ತಿಯೇನವಾ?” ನಾನು ಡ್ರೈವಿನ ಮೇಲೆ ಕೈಯಿಟ್ಟೆ.

“ಬ್ಯಾಡ್ರಿ, ಅದು ಇರ್ಲಿ. ಅದರ ಮಗ್ಗಲಕ್ಕ ಎಮ್ಯುಲೇಟರ್ ಕೂಡಸ್ತೀನಿ. ಅದಕ್ಕ ಪೆನ್‌ಡ್ರೈವ್ ಚುಚ್ಚೂದು, ಕಂಪ್ಯೂಟರಿಗೆ ಅದೂ ಫ್ಲಾಪಿ ಅಂತನಽ ಅನಸ್ತೈತಿ. ಹಳೇದು ಓದ್ಲಿ, ಹೊಸಾದು ಬರಕೊಳ್ಳಲಿ.”

ಮುಂದಿನ ವಾರ ಆ ಪುಟ್ಟ ಡಬ್ಬಿ ತರಿಸಿ, ಖಾಲಿ ಸಂದಿಯಲ್ಲಿ ಸ್ಕ್ರೂ ಬಿಗಿದು, ವೈರು ಜೋಡಿಸಿದಳು. ಮೂರು ಫ್ಲಾಪಿಯಲ್ಲಿದ್ದದ್ದು ಪೆನ್‌ಡ್ರೈವಿಗೆ ಇಳಿಯಿತು. ನಾಲ್ಕನೆಯದು ಕರಕರ ಅಂದಿತು. ತಟ್ಟನೆ ಹೊರಗೆ ತೆಗೆದು, “ಇನ್ನೊಮ್ಮೆ ಹಾಕಿದ್ರ ಗೀರಿ ಹೋಗತೈತ್ರಿ” ಅಂದಳು. ಅದನ್ನು ಹಾಗೇ ತೆಗೆದಿಟ್ಟೆ.

ಅವಳು ಹೋದ ಮೇಲೆ ಒಬ್ಬಳೇ ಓದಿದೆ. ಇಂಗ್ಲಿಷ್ ಅಕ್ಷರದಲ್ಲಿ ನನ್ನ ಕನ್ನಡ ಮಾತು, ಎದುರಿಗೆ ಅವರ ಮರಾಠಿ ಅರ್ಥ. ನಾನು ಹಾಲಿನವನಿಗೆ ಬೈದದ್ದು, ಶಾಲೆಯಿಂದ ದಣಿದು ಬಂದು ಅಂದದ್ದು, ಎಲ್ಲಾ. ‘ಮುನಿಸು’ ಎಂಬುದರ ಎದುರು ‘ರುಸವಾ’ ಅಂತ ಬರೆದು, ಮುಂದೆ, ‘ನಾಹೀ, ತ್ಯಾಪೇಕ್ಷಾ ಗೋಡ್’. ಅಲ್ಲ, ಅದಕ್ಕಿಂತ ಸಿಹಿ.

ಬಾಯಿಬಿಟ್ಟು ಒಂದು ದಿನವೂ ಹೀಗೆ ಹೇಳಿದವರಲ್ಲ.

ಹೊಸ ಡ್ರೈವಿನಲ್ಲಿ ಖಾಲಿ ಫೈಲು ತೆರೆದು ಅವರ ಮರಾಠಿ ಮಾತುಗಳನ್ನು ಬರೆಯತೊಡಗಿದೆ. ಹನ್ನೊಂದು ಮಾತಿಗೇ ನೆನಪು ನಿಂತುಹೋಯಿತು. ಒಂಬತ್ತು ವರ್ಷ ಕೇಳಿದ ದನಿ ಅದು!

ರವಿವಾರ ಕಾಗವಾಡದ ಬಸ್ಸು ಹತ್ತಿದೆ. ಅಲ್ಲಿ ಅವರ ತಂಗಿ ಇದ್ದಾಳೆ. ಬಾಗಿಲು ತೆರೆದವಳು, “ವೈನಿ! ಇಷ್ಟ ವರ್ಷಕ್ಕ ನೆನಪಾತೇನ?” ಅಂದಳು.

“ನಿಮ್ಮಣ್ಣ ಸಣ್ಣವ್ರಿದ್ದಾಗ ಹೆಂಗ ಮಾತಾಡ್ತಿದ್ರು, ಹೇಳ ನನಗ” ಅಂದೆ.

ಅವಳು ಚಹಾಕ್ಕೆ ನೀರಿಟ್ಟು, ಕಣ್ಣೊರೆಸಿಕೊಂಡು, ಮರಾಠಿಯಲ್ಲೇ ಶುರು ಮಾಡಿದಳು.