ಹಿಡಿ ಅಂದಾಂವ ಬಿಡು ಅನ್ನಲಿಲ್ಲ

ಹೆಂಗಸಿನ ಕಾಲಿನಿಂದ ಬ್ರೇಕ್ ಹೋಗಲಿಲ್ಲ, ಕುಸಬಿ ಎಣ್ಣಿಯಿಂದ ಹೋತು. ನಡೆದದ್ದು ಇಷ್ಟ. ಉಳಿದದ್ದು ಮಂದಿ ಕಟ್ಟಿದ್ದು.

ನಿನ್ನೆ ಸಂಜೀಕ ಮೊಮ್ಮಗ ಅಂಗಳದಾಗ ತನ್ನ ಪಿಕಪ್ ಗಾಡಿ ಬ್ರೇಕ್ ಬಿಚ್ಚಿದ್ದ. ನಾ ಕಟ್ಟಿ ಮ್ಯಾಲ ಕುಂತಿದ್ದೆ. ಬ್ರೇಕ್ ಆಯಿಲ್ ವಾಸನಿ ಮೂಗಿಗೆ ಬಡೀತು. ಕೂಡಾಕ ಆಗಲಿಲ್ಲ, ಎದ್ದೆ. ನಿಲ್ಲಾಕ ಆಗಲಿಲ್ಲ, ಮತ್ತ ಕುಂತೆ. ಬಲಗಾಲು ತಾನ ನೆಲಾ ಒತ್ತಾಕತ್ತಿತ್ತು... ಕತ್ತಲಾತಂತ ಅಂವ ಕೆಲಸ ಅರ್ಧಕ್ಕ ಬಿಟ್ಟ.

ಹತ್ತೊಂಬತ್ತನೂರಾ ಅರವತ್ತರ ಆಸುಪಾಸಿನ ಮಾತು. ವಿಜಾಪುರದಾಗ ನಮ್ಮ ಮನಿ ಬಾಜೂಕ ಒಬ್ಬ ಮಿಸ್ತ್ರಿ ಇದ್ದ. ತಿಕೋಟಾ, ಬಬಲೇಶ್ವರ ಕಡಿ ಸಾವಕಾರರು ಮುಂಬೈಯಿಂದ ತಂದ ಹಳೇ ಅಮೇರಿಕಾ ಕಾರು ಅವನ ಬಾಗಿಲಿಗೇ ಬರತಿದ್ದವು. ಎಮ್ಮಿಯಂಥ ಗಾಡಿ, ಒಳಗ ಮನಿಮಂದಿನೆಲ್ಲಾ ತುಂಬತಿದ್ರು. ಅಷ್ಟು ಭಾರ ನಿಂದರಬೇಕಂದ್ರ ಬ್ರೇಕ್ ನೆಟ್ಟಗಿರಬೇಕು.

ಬ್ರೇಕಿನ ನಳಿಗ್ಯಾಗ ಗಾಳಿ ಕುಂತರ ಪೆಡಲ್ ಮೆತ್ತಗಾಗತದ. ಆ ಗಾಳಿ ತಗ್ಯಾಕ ಇಬ್ಬರು ಬೇಕು. ಒಬ್ಬರು ಮ್ಯಾಲ ಕುಂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿ ಕಡೆ ಮಲಗಿ ತಿರುಪು ಸಡಲ ಮಾಡಿ, ಗಾಳಿ ಹೊರಗ ಬಿಟ್ಟು, ಮತ್ತ ಬಿಗಿ ಮಾಡಬೇಕು. ಅವನ ಹೆಂಡತಿ ಒತ್ತತಿದ್ಲು. ಆಕಿ ಬಾಣಂತನಕ್ಕ ಜೈನಾಪುರಕ್ಕ ಹೋದ ಮ್ಯಾಲ ನನ್ನ ಕರದ. ನನಗೂ ಮನ್ಯಾಗ ಕುಂತು ಕುಂತು ತಲಿ ಕೆಟ್ಟಿತ್ತು. ಸೆರಗು ಸೊಂಟಕ್ಕ ಸಿಗಿಸಿ ಡ್ರೈವರನ ಸೀಟಿನ್ಯಾಗ ಕುಂತೆ.

ಕೆಳಗಿಂದ ಅವನ ದನಿ ಬರತಿತ್ತು: "ಒತ್ತ ತಂಗಿ... ಹಿಡಿ... ಬಿಡು."

ಹಿಡಿ ಅಂದ ಮ್ಯಾಲ ಬಿಡು ಅನ್ನೂತನಕ ಕಾಲು ಎತ್ತಂಗಿಲ್ಲ. ಎತ್ತಿದ್ರ ಗಾಳಿ ಹೊಕ್ಕೊಂಡು ಎಲ್ಲಾ ಮೊದಲಿಂದ.

"ಯಾ ಊರಿಗೆ ಹೊಂಟೀಬೇ?" ಅಂತ ಓಣಿ ಗಂಡಸೂರು ನಗತಿದ್ರು.

"ನಿನ್ನ ಮಾವನ ಮನಿಗೆ, ಬರ್ತೀಯೇನು?" ಅಂತಿದ್ದೆ.

ಬಬಲೇಶ್ವರ ಕಡಿ ಒಬ್ಬ ಸಾವಕಾರನ ಕಾರು ಹಂಗ ರಿಪೇರಿ ಆಗಿ ಹೋತು. ಕೆಲವು ದಿನಕ್ಕ ಸಾರವಾಡದ ಹತ್ರ ಬ್ರೇಕ್ ಹತ್ತಲಿಲ್ಲ, ಜಾಲಿ ಗಿಡಕ್ಕ ಹೋಗಿ ಬಡೀತು. ಸಾವಕಾರನ ಅವ್ವನ ತೊಡಿ ಮುರೀತು. ಎತ್ತು ಕಟ್ಟಿ ಎಳಕೊಂಡು ಬಂದು ಮಿಸ್ತ್ರಿ ಬಾಗಿಲಿಗೆ ನಿಲ್ಲಿಸಿದ್ರು.

ಮಿಸ್ತ್ರಿ ಕಾರಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತಗದ. ನಮ್ಮ ಅಡಗಿಮನಿ ವಾಸನಿ ಬಂತು.

"ಇದು ಕುಸಬಿ ಎಣ್ಣಿ," ಅಂದೆ. "ದಿನಾ ಒಗ್ಗರಣಿ ಹಾಕತೇನಿ, ನನಗ ತಿಳ್ಯಂಗಿಲ್ಲೇನು?"

ಗಾಡಿ ಹೊಡೀತಿದ್ದಾಂವ ಸಾವಕಾರನ ಅಳಿಯ. ಆಯಿಲ್ ಕಡಿಮಿ ಆಗೇದಂತ ಗಾಣದ ಎಣ್ಣಿ ತಂದು ಸುರುವಿದ್ದ. ಒಳಗಿನ ರಬ್ಬರು ಉಬ್ಬಿ ಕುಂತಿತ್ತು. ಕೇಳಿದ್ರ, "ಎಲ್ಲಾ ಎಣ್ಣೀನ ಅಲ್ಲೇನು?" ಅಂದ.

ಮಿಸ್ತ್ರಿ ಹೊಸ ರಬ್ಬರು ಹಾಕಿ, ನನ್ನ ಮತ್ತ ಸೀಟಿನ್ಯಾಗ ಕುಂಡ್ರಿಸಿ ಗಾಳಿ ತಗ್ಯಾಕ ಮಲಗಿದ. "ಹಿಡಿ," ಅಂದ. ಹಿಡದೆ. ಅಷ್ಟರಾಗ ಸಾವಕಾರ ಬ್ಯಾರೆ ಕಾರಿನ ಮಾಲಕರನ್ನೂ ಕರಕೊಂಡು ಬಂದ. ಮಗಳ ಗಂಡನ ಮ್ಯಾಲ ತಪ್ಪು ಹೊರಸಾಕ ಅವಗ ಮನಸ್ಸಿಲ್ಲ.

"ಹೆಂಗಸು ಕಾಲಿಟ್ಟಳು, ಅಪಶಕುನ ಆತು. ಈಕಿ ಕಾಲಗುಣ ಅಂತ ಇವರ ಮುಂದ ಅಂದಬಿಡು. ಒಂದು ಕಾಯಿ ಒಡಸೋಣು, ನಿನ್ನ ಕೆಲಸ ನಡೀತದ," ಅಂತ ಮಿಸ್ತ್ರಿಗೆ ಅಂದ.

ಮಿಸ್ತ್ರಿ ಎದ್ದು ಕೈ ವರಸಿಕೊಂಡ. "ಆಕಿ ಕಾಲು ನೆಟ್ಟಗೈತ್ರಿ ಸಾವಕಾರ್ರ. ನಿಮ್ಮ ಅಳಿಯನ ಕೈ ನೋಡ್ರಿ."

ಮುಗೀತು. ನನ್ನ ಇಳಿಸಿ, ಮತ್ತ ಎತ್ತು ಕಟ್ಟಿ ಕಾರು ಒಯ್ದರು. ಇಳಸೂತನಕ ನನ್ನ ಕಾಲು ಪೆಡಲ್ ಮ್ಯಾಲನ ಇತ್ತು. ಅಂವ ಬಿಡು ಅಂದಿರಲಿಲ್ಲ.

ಆಮ್ಯಾಲ ಅವನ ಬಾಗಿಲಿಗೆ ಕಾರು ಬರಲಿಲ್ಲ. ಹೆಂಡತಿ, ಕೂಸು ಕರಕೊಂಡು ಸೊಲ್ಲಾಪುರಕ್ಕ ಹೋದ ಅಂದ್ರು... ಸುದ್ದಿ ಬರಲಿಲ್ಲ. ನನಗಿಂತ ಬಾಳ ದೊಡ್ಡಾಂವ, ಈಗ ಇರಲಿಕ್ಕಿಲ್ಲ. ನನ್ನ ಕಾಲಗುಣ ಅಂದಿದ್ರ ಅಂವ ಇಲ್ಲೇ ಉಣ್ಣತಿದ್ದ.

ಇವತ್ತು ಮುಂಜಾನೆ ಚಾ ಸುದ್ದಾ ಕುಡೀದ ಹೋಗಿ ಪಿಕಪ್ ಹತ್ತಿದೆ. ಮೊಮ್ಮಗನ ಹೆಂಡತಿ ಹೆದರಿ ಹೆದರಿ ಪೆಡಲ್ ಒತ್ತಾಕತ್ತಿದ್ಲು. ಆಕೀನ ಆಚೆ ಸರಸಿದೆ.

"ಆಯಿ, ನಿನ್ನ ಮೊಣಕಾಲು!" ಅಂದ ಮೊಮ್ಮಗ.

"ಮೊಣಕಾಲು ನಂದು. ನೀ ಕೆಳಗ ಹೋಗಿ ಹೇಳು."

ಹೋದ. ಹಿಡಿ ಅಂದ, ಹಿಡದೆ.

"ಬಿಡಬೇ," ಅಂದ. ಎತ್ತಲಿಲ್ಲ. "ಬಿಡಬೇ ಆಯಿ, ಕೇಳಸ್ತಿಲ್ಲೇನು?"

ಕೇಳಿಸಿತ್ತು. ಬಿಟ್ಟೆ.