ಎಡಗೈಗೆ ಬಂದ ಉಂಗುರ

ಅತ್ತಿಗೆಯ ಎಡಗೈಯ ಬೆರಳಲ್ಲಿ ಸುತ್ತು ಪೂರ್ತಿಯಾಗದ ಒಂದು ಉಂಗುರವಿತ್ತು. ಒಂದು ಕಡೆ ಅದನ್ನು ಕತ್ತರಿಸಲಾಗಿತ್ತು. ಎರಡು ತುದಿಗಳ ನಡುವೆ ಅಕ್ಕಿಕಾಳು ತೂರುವಷ್ಟು ಸೀಳು. ಚಪಾತಿ ಹಿಟ್ಟು ನಾದುವಾಗ, ಬಕೆಟ್ ಎತ್ತುವಾಗ, ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಆ ಸೀಳಿಗೆ ಚರ್ಮ ಸಿಕ್ಕಿ ಕೆಂಪು ಗೆರೆ ಮೂಡುತ್ತಿತ್ತು. ಅವರು ಬೆರಳನ್ನು ಬಾಯಲ್ಲಿಟ್ಟು ಒಂದು ಕ್ಷಣ ಚೀಪಿ, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. "ಬೆಸುಗೆ ಹಾಕಿಸಬಾರದೇ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಇರ್ಲಿ ಬಿಡ್ರೀ. ಕಚ್ಚೋದೂ ಒಂದು ಕೆಲಸ ಅದಕ್ಕೆ."

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ವಸತಿಗಳಲ್ಲಿದ್ದ ನಾವು ಕನ್ನಡದವರೆಲ್ಲ ಅವರನ್ನು ರಷ್ಯಾ ಅತ್ತಿಗೆ ಎಂದೇ ಕರೆಯುತ್ತಿದ್ದೆವು. ವೋಲ್ಗಾ ನದಿಯ ದಂಡೆಯ ಒಂದು ಗಿರಣಿ ಊರಿನವರು. ಅವರ ತಾಯಿ ನೂಲಿನ ಗಿರಣಿಯ ಕಾರ್ಮಿಕೆ. ನಾವು ಅಣ್ಣ ಎನ್ನುತ್ತಿದ್ದ ಅವರ ಪತಿ ಮೈಸೂರಿನವರು. ಸೋವಿಯತ್ ದೇಶಕ್ಕೆ ಎಂಜಿನಿಯರಿಂಗ್ ಓದಲು ಹೋಗಿದ್ದವರು ಅಲ್ಲಿಯೇ ಮದುವೆಯ ನೋಂದಣಿ ಮಾಡಿಸಿಕೊಂಡು, ಇಲ್ಲಿ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದರು. ಮಕ್ಕಳಿರಲಿಲ್ಲ.

ಮಗನ ಸಂಸಾರ ನೋಡಲು ಮೈಸೂರಿನಿಂದ ಬಂದ ಅತ್ತೆ, ಮೊದಲ ವರ್ಷ ತಮ್ಮ ಒಲೆಯನ್ನೂ ನೀರಿನ ಕೊಡವನ್ನೂ ಬೇರೆಯೇ ಇಟ್ಟುಕೊಂಡಿದ್ದರು. ಅದನ್ನು ಮಡಿ ಎಂದು ಕರೆದು ಗೌರವಿಸಲು ನಾನು ಸಿದ್ಧಳಿಲ್ಲ, ಅದು ಅಸ್ಪೃಶ್ಯತೆಯೇ. ಆದರೆ ಅತ್ತೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕಟ್ಟು ಕಟ್ಟಿಸಿಕೊಂಡು ಮಲಗಿದಾಗ ಹೊತ್ತುಹೊತ್ತಿಗೆ ಮದ್ದು ಹಾಕಿದ್ದು, ತುತ್ತು ಕಲಸಿ ಉಣಿಸಿದ್ದು ಈ ಸೊಸೆ. ಕಟ್ಟು ಬಿಚ್ಚಿದ ಮೇಲೆ ಎರಡನೆಯ ಒಲೆ ಹೊತ್ತಲಿಲ್ಲ. ಅತ್ತೆ ತಮ್ಮ ಹಳೆಯ ಬಂಗಾರವನ್ನು ಕರಗಿಸಿ ಹೊಸ ತಾಳಿಸರ ಮಾಡಿಸಿ, ತಮ್ಮ ಕೈಯಿಂದಲೇ ಸೊಸೆಯ ಕೊರಳಿಗೆ ಹಾಕಿದರು.

ಅತ್ತಿಗೆಯ ಕನ್ನಡ ಬಂದದ್ದು, ತೀರಿಕೊಳ್ಳುವವರೆಗೂ ಜೊತೆಗಿದ್ದ ಆ ಮುದುಕಿಯಿಂದ. ಹಾಗಾಗಿ ನೀಲಿ ಕಣ್ಣಿನ, ಗೋಧಿ ಕೂದಲಿನ ಆ ಹೆಂಗಸು ಬಾಯಿ ತೆರೆದರೆ ಮೈಸೂರಿನ ಹಳೆಯ ತಲೆಮಾರು ಮಾತನಾಡಿದಂತಿರುತ್ತಿತ್ತು. ಅವರ ಅಂಗಳಕ್ಕೆ ಚೆಂಡು ಬಿದ್ದರೆ ನಮ್ಮ ಕಾಲೊನಿಯ ಮಕ್ಕಳಿಗೆ ಪರೀಕ್ಷೆ. ಮೇಲಿನ ಮನೆಯ ಅಜ್ಜಿಯ ಮೊಮ್ಮಗಳು ಬೇಲಿಯ ಆಚೆಯಿಂದ ಕೂಗುತ್ತಿದ್ದಳು:

"ಆಂಟೀ, ಬಾಲ್ ದೇ ದೋ ನಾ!"

"ಕನ್ನಡದಲ್ಲಿ ಕೇಳು, ಕೊಡ್ತೀನಿ."

"ಆಂಟೀ... ಚೆಂಡು... ಕೊಡಿ, ಪ್ಲೀಸ್."

"ಅಬ್ಬಾ, ಬಾಯಿ ಬಂತು ನೋಡು ಹುಡುಗಿಗೆ! ತಗೋ. ನಿಮ್ಮಜ್ಜಿ ಹತ್ರಾನೂ ಹೀಗೇ ಮಾತಾಡೇ. ಪಾಪ, ಅವರಿಗೆ ಹಿಂದಿ ಬರಲ್ಲ."

ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರ ಕಣ್ಣು ಮಾತ್ರ ಅವರ ತವರಿನ ಒಡವೆಗಳ ಮೇಲೆ ನಿಲ್ಲುತ್ತಿತ್ತು. ಅವರ ದೇಶದ ಬಂಗಾರ ನಮ್ಮದರಂತೆ ಹಳದಿಯಲ್ಲ; ತಾಮ್ರ ಹೆಚ್ಚಾಗಿ ಕೂಡಿ ಕೆಂಪಗಿರುತ್ತದೆ. ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಕ್ಯಾರೆಟ್. "ಇದು ಬಂಗಾರವೇನ್ರೀ? ತಾಮ್ರದ ಥರ ಇದೆ," ಎಂದು ಒಬ್ಬರು ಬಹಿರಂಗವಾಗಿಯೇ ಕೇಳಿದ್ದರು. "ಹೌದ್ರೀ, ಈ ಡೆಲ್ಲಿ ಬಿಸಿಲಿಗೆ ನಾನೂ ಕೆಂಪಗೇ ಆಗಿದೀನಿ. ಒಳಗೆ ಏನಿದೆ ಅಂತ ನನ್ನನ್ನೂ ಉಜ್ಜಿ ನೋಡ್ತೀರಾ?" ಎಂದರು ಅತ್ತಿಗೆ. ಎಲ್ಲರೂ ನಕ್ಕರು. ಆ ಪ್ರಶ್ನೆ ಬಂಗಾರವೊಂದನ್ನೇ ಕುರಿತದ್ದಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಎರಡು ಸಾವಿರದ ದಶಕದ ನಡುವೆ, ಒಂದು ಬೇಸಿಗೆಯಲ್ಲಿ, ಅಣ್ಣ ಕಚೇರಿಯಲ್ಲಿಯೇ ಕುಸಿದು ತೀರಿಕೊಂಡರು. ಉತ್ತರಕ್ರಿಯೆಯ ದಿನ ಹೆಂಗಸರು ಕೂಡಿದರು. ಮೇಲಿನ ಮನೆಯ ಅಜ್ಜಿ ಎಲ್ಲರ ಪರವಾಗಿ ಬಾಯಿ ತೆರೆದರು: "ಶಾಸ್ತ್ರ ಇದೆಯಮ್ಮ. ಕೊರಳಿಂದ ತೆಗೆದುಬಿಡು."

ಅತ್ತಿಗೆ ಎದ್ದು ನಿಂತರು. ಬಲಗೈ ಬೆರಳಿನಿಂದ ಕೆಂಪು ಬಂಗಾರದ ಉಂಗುರವನ್ನು ತೆಗೆದರು. ಮದುವೆಯ ದಿನ, ಕೊಳ್ಳಲು ಹಣವಿಲ್ಲದೆ, ತಾಯಿಯೇ ತನ್ನ ಬೆರಳಿನಿಂದ ಬಿಚ್ಚಿ ಕೊಟ್ಟ ಉಂಗುರವದು. ಅದನ್ನು ನಿಧಾನವಾಗಿ ಎಡಗೈಗೆ ಹಾಕಿಕೊಂಡರು. "ನಮ್ಮೂರಲ್ಲಿ ಗಂಡ ಸತ್ತೋರು ಮಾಡೋದು ಇಷ್ಟೇ ಕಣ್ರೀ. ಬಲಗೈಯಿಂದ ಎಡಗೈಗೆ. ಆಯ್ತು," ಎಂದರು. ತಾಳಿಯನ್ನು ಮುಟ್ಟಲಿಲ್ಲ. ಯಾರಿಗೂ ಮುಟ್ಟಲು ಬಿಡಲಿಲ್ಲ.

ಸರ್ಕಾರಿ ಮನೆಯನ್ನು ಗಡುವಿನೊಳಗೆ ಬಿಡಬೇಕಾಗಿತ್ತು. ಪಿಂಚಣಿ ಮಂಜೂರಾಗಿರಲಿಲ್ಲ. ಮದುವೆಯ ಪ್ರಮಾಣಪತ್ರವನ್ನು ಅದನ್ನು ಕೊಟ್ಟ ದೇಶದಿಂದ ಮತ್ತೊಮ್ಮೆ ದೃಢೀಕರಿಸಿ ತರಬೇಕೆಂದು ಕಚೇರಿ ಕೇಳುತ್ತಿತ್ತು. ಆ ದೇಶ ಭೂಪಟದಿಂದಲೇ ಅಳಿಸಿಹೋಗಿ ವರ್ಷಗಳಾಗಿದ್ದವು. ವಿಧವೆಯ ಹೊಟ್ಟೆಗೂ ಭೂಪಟಕ್ಕೂ ಗಂಟು ಹಾಕಿದ ಈ ಕ್ರೌರ್ಯಕ್ಕೆ ಯಾವ ಅಧಿಕಾರಿಯೂ ಹೊಣೆ ಹೊರಲಿಲ್ಲ. ಈ ನಡುವೆ ಮೈಸೂರಿನಿಂದ ಮೈದುನ ಬಂದು ಕುಳಿತು ಹೇಳಿದರು: "ಅತ್ತಿಗೆ, ನಮ್ಮ ಮನೆಗೆ ಬಂದುಬಿಡಿ. ಹಿಂದುಗಡೆ ರೂಮಿದೆ, ಅಡಿಗೆಗೂ ಒಂದು ಕೈ ಆಗುತ್ತೆ. ಅಮ್ಮನ ಬಂಗಾರದ ತಾಳಿಸರ ಮನೆಯಲ್ಲಿರಬೇಕಾದ್ದು, ಅದನ್ನೂ ತನ್ನಿ." ಆಶ್ರಯದ ಹೆಸರಿನಲ್ಲಿ ಸಂಬಳವಿಲ್ಲದ ಅಡಿಗೆಯವಳನ್ನು ಹೊಂದಿಸಿಕೊಳ್ಳುವ, ಸ್ತ್ರೀಧನವನ್ನು ಮನೆತನದ ಆಸ್ತಿಯೆಂದು ಕರೆಯುವ ಆ ಮಾತು ನಯವಾಗಿತ್ತು, ಅನ್ಯಾಯ ಮಾತ್ರ ನಯವಾಗಿರಲಿಲ್ಲ.

ಅತ್ತಿಗೆ ನಿರ್ಧರಿಸಿದ್ದರು. ಪಕ್ಕದ ಕೋಟ್ಲಾ ಮುಬಾರಕ್‌ಪುರದಲ್ಲಿ ಒಂದು ಕೋಣೆ ನೋಡಿಟ್ಟಿದ್ದರು. ಮುಂಗಡ ಕೊಟ್ಟರೆ ಕೋಣೆ. ಕೊಡಲಾಗದಿದ್ದರೆ ಮೈಸೂರಿನ ಹಿಂದಿನ ರೂಮು. ಅವರ ಮುಂದಿದ್ದದ್ದು ಇವೆರಡೇ. ನಾನಾಗ ಹೆಣ್ಣುಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಒಂದು ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ಅವರು ಮುಂಗಡದ ಹಣಕ್ಕಾಗಿ ಮಾರಲೆಂದು ತವರಿನ ಸರ, ಕೆಂಪು ಕಲ್ಲಿನ ಓಲೆ, ಬಳೆಯೊಂದನ್ನು ಕರವಸ್ತ್ರದಲ್ಲಿ ಕಟ್ಟಿ, ಕೊನೆಗೆ ಉಂಗುರವನ್ನೂ ಬಿಚ್ಚಿ ಸೇರಿಸಿದರು. "ಜೊತೆಗೆ ಬಾರೇ. ಕಾನೂನು ಗೊತ್ತಿರೋಳು ಪಕ್ಕದಲ್ಲಿದ್ರೆ ಸ್ವಲ್ಪ ಹೆದರ್ತಾರೆ."

ಯಾರೂ ಹೆದರಲಿಲ್ಲ. ಕರೋಲ್ ಬಾಗಿನ ದೊಡ್ಡ ಅಂಗಡಿಯೊಂದರ ಮಾಲೀಕ ಉಂಗುರದ ಒಳಗಿನ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿದ. ಒಂದು ಪುಟ್ಟ ನಕ್ಷತ್ರ, ಪಕ್ಕದಲ್ಲಿ 583.

"ಪಾಂಚ್ ಸೌ ತಿರಾಸಿ? ಯೇ ಕ್ಯಾ ಹೈ ಮೇಡಂ ಜೀ, ಫೋನ್ ನಂಬರ್?"

"ಸಾವಿರ ಪಾಲಿನಲ್ಲಿ ಅಷ್ಟು ಪಾಲು ಚಿನ್ನ, ಭಯ್ಯಾ," ಎಂದು ಅತ್ತಿಗೆ ಹಿಂದಿಯಲ್ಲಿ ವಿವರಿಸಿದರು.

"ಮತ್ಲಬ್ ಬಾಕೀ ಸಬ್ ಮಿಲಾವಟ್!" ಉಳಿದದ್ದೆಲ್ಲ ಕಲಬೆರಕೆ ಎಂದು ಅವನು ನಕ್ಕ.

"ಆ ಮಿಲಾವಟ್ ಇಲ್ಲದಿದ್ರೆ ನಮ್ಮಮ್ಮ ಗಿರಣಿಯಲ್ಲಿ ದುಡಿಯೋವಾಗ ಇದು ಸವೆದೇ ಹೋಗ್ತಿತ್ತು. ನಿಮ್ಮ ಅಂಗಡಿ ಉಂಗುರ ಹಾಕ್ಕೊಂಡು ಒಂದು ತಿಂಗಳು ಆಟಾ ನಾದಿ ನೋಡಿ. ಕೈಗೆ ಬರೋದು ತಂತಿ."

ಅವನು ಒರೆಗಲ್ಲಿಗೆ ಉಜ್ಜಿ, ಆ್ಯಸಿಡ್ ಬಿಟ್ಟ. ಇಪ್ಪತ್ತೆರಡು ಕ್ಯಾರೆಟ್‌ಗಾಗಿಯೇ ಇಟ್ಟ ಆ್ಯಸಿಡ್‌ಗೆ ಗೆರೆ ಮಾಸಿತು. "ದೇಖಾ? ಉಡ್ ಗಯಾ," ಎಂದವನೇ, ಒಳಗೆ ನೋಡಬೇಕೆನ್ನುತ್ತ, ದರ ಹೇಳುವ ಮುಂಚೆ, ನಮ್ಮನ್ನು ಕೇಳದೆ, ಇಕ್ಕಳದಿಂದ ಉಂಗುರವನ್ನು ಕತ್ತರಿಸಿಬಿಟ್ಟ. ಆ ಸದ್ದು ಸಣ್ಣದು.

ಇದೊಂದು ಹಳೆಯ ಉಪಾಯ. ಕತ್ತರಿಸಿದ ಒಡವೆಯನ್ನು ಮರಳಿ ಒಯ್ಯಲು ಮನಸ್ಸಾಗದೆ ಮಾರುವವರು ಹೇಳಿದ ದರಕ್ಕೆ ಒಪ್ಪುತ್ತಾರೆ. ಲೆಕ್ಕವೂ ಅಂಥದ್ದೇ. ಬೆರಕೆಯ ಪಾಲನ್ನು ಮೊದಲು ತೂಕದಿಂದ ಕಳೆದ; ಅದೇ ಬೆರಕೆಯ ಹೆಸರಿನಲ್ಲಿ ದರವನ್ನೂ ಇಳಿಸಿದ; ಕರಗಿಸುವ ಖರ್ಚೆಂದು ಇನ್ನಷ್ಟು ಹಿಡಿದ. ಒಂದೇ ದೋಷಕ್ಕೆ ಮೂರು ದಂಡ. ನಾನು ಗ್ರಾಹಕರ ಹಕ್ಕಿನ ಮಾತೆತ್ತಿ ದನಿ ಏರಿಸುತ್ತಿದ್ದಂತೆ ಅವನ ದೃಷ್ಟಿ ಅತ್ತಿಗೆಯ ಕೊರಳಿಗೆ ಹೋಯಿತು. "ಇಸ್ಕೋ ಛೋಡಿಯೇ. ಗಲೇವಾಲಾ ದೀಜಿಯೇ. ಅಭೀ ಕ್ಯಾಶ್." ಇದಿರಲಿ, ಕೊರಳಿನದನ್ನು ಕೊಡಿ, ಈಗಲೇ ನಗದು ಎಂದ.

ಅತ್ತಿಗೆ ಸೆರಗನ್ನು ಕೊರಳ ಸುತ್ತ ಎಳೆದುಕೊಂಡರು. ಕತ್ತರಿಸಿದ ಉಂಗುರವನ್ನೂ ಉಳಿದವನ್ನೂ ಕರವಸ್ತ್ರಕ್ಕೆ ಕಟ್ಟಿದರು. "ಚಲೋ ಚಲೋ. ನಿನ್ನ ಭಾಷಣ ಬಸ್ಸಲ್ಲಿ ಮಾಡು," ಎಂದು ನನ್ನ ಕೈ ಹಿಡಿದು ಹೊರಗೆ ಎಳೆದರು.

ಭಾಷಣವನ್ನು ನಾನು ಬಸ್ಸಿನಲ್ಲಿ ಮಾಡಿದೆ. ತಾಳಿಯೆಂಬುದು ಹೆಣ್ಣಿನ ಮೇಲಿನ ಒಡೆತನದ ಗುರುತು, ಕೊರಳಲ್ಲಿ ಪೂರ್ತಿ ಬೆಲೆಯ ಬಂಗಾರವಿರುವಾಗ ತಾಯಿಯ ನೆನಪನ್ನು ಅರ್ಧ ಬೆಲೆಗೆ ಏಕೆ ಕಳೆದುಕೊಳ್ಳಬೇಕು, ಎಂದೆ. ಆ ಗುರುತಿನ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು.

"ಅವರೂ ತೆಗಿ ಅಂತಾರೆ, ನೀನೂ ತೆಗಿ ಅಂತೀಯ," ಎಂದರು. "ಅತ್ತೆ ಹೇಳಿದ್ದು ಕೇಳು. ಮಾವ ಸತ್ತಾಗ ಅತ್ತೆಯ ತಾಳಿಯನ್ನ ನಾಲ್ಕು ಜನ ಹಿಡ್ಕೊಂಡು ತೆಗೆಸಿದ್ರಂತೆ. ಅದೇ ಬಂಗಾರ ಕಣೇ ಇದು. 'ನಂದು ಕಿತ್ತರು, ನಿಂದು ಯಾರ ಕೈಗೂ ಕೊಡಬೇಡ' ಅಂತ ಹೇಳಿ ಹಾಕಿದ್ರು. ಇನ್ನೊಂದು ವಿಷಯ. ಈ ಬಿಳಿ ಹೆಂಗಸು ಒಂದು ದಿನ ತಾಳಿ ಮಾರ್ಕೊಂಡು ಹೋಗ್ತಾಳೆ ಅಂತ ಬಂದ ದಿನದಿಂದ ಎಲ್ಲರೂ ಕಾಯ್ತಾ ಇದಾರೆ. ಕಾಯ್ಲಿ."

ತನ್ನದೇ ಒಡವೆಯಲ್ಲಿ ಯಾವುದನ್ನು ಮಾರಬೇಕೆಂಬುದನ್ನು ಒಬ್ಬ ಹೆಣ್ಣು ಇಡೀ ಸಮಾಜದ ಸಂಶಯವನ್ನು ಮುಂದಿಟ್ಟುಕೊಂಡು ನಿರ್ಧರಿಸಬೇಕಾದದ್ದು ಅನ್ಯಾಯ. ಆದರೆ ಕೊರಳು ಅವರದು.

ಮರುದಿನ ಪಹಾಡ್‌ಗಂಜ್‌ಗೆ ಹೋದೆವು. ರಷ್ಯಾ ಕಡೆಯಿಂದ ಸಗಟು ಬಟ್ಟೆ ಕೊಳ್ಳಲು ಬರುವ ಹೆಂಗಸರು ಅಲ್ಲಿನ ಅಗ್ಗದ ಹೋಟೆಲುಗಳಲ್ಲಿ ಇಳಿಯುತ್ತಿದ್ದುದರಿಂದ ಹಲವು ಅಂಗಡಿಗಳ ಬೋರ್ಡುಗಳು ಅವರ ಲಿಪಿಯಲ್ಲಿದ್ದವು. ಅಂಥದೊಂದು ಕಿರಿದಾದ ಒಡವೆ ಅಂಗಡಿಯ ಬಿಳಿ ಗಡ್ಡದ ಸರ್ದಾರ್‌ಜಿ ಅತ್ತಿಗೆಯನ್ನು ಕಂಡೊಡನೆ ರಷ್ಯನ್ ಭಾಷೆಯಲ್ಲಿ ಸ್ವಾಗತಿಸಿದರು.

"ಹಿಂದೀ ಮೇ ಬೋಲಿಯೇ ಭಯ್ಯಾ, ಜಲ್ದೀ ಹೋಗಾ," ಹಿಂದಿಯಲ್ಲಾದರೆ ಬೇಗ ಮುಗಿಯುತ್ತದೆ ಎಂದರು ಅತ್ತಿಗೆ.

"ಅರೇ! ಇತನೀ ಮುಶ್ಕಿಲ್ ಸೇ ಸೀಖೀ ಥೀ!" ಕಷ್ಟಪಟ್ಟು ಕಲಿತದ್ದೆಲ್ಲ ದಂಡವಾಯಿತೆಂದು ಅವರು ಹಣೆ ಬಡಿದುಕೊಂಡರು. ಗಂಡನ ಸಾವಿನ ನಂತರ ಅತ್ತಿಗೆ ನಕ್ಕದ್ದನ್ನು ಅಂದೇ ಮೊದಲು ಕಂಡೆ.

ನಕ್ಷತ್ರದ ಮುದ್ರೆಯನ್ನು ಸರ್ದಾರ್‌ಜಿ ಬರಿಗಣ್ಣಿನಿಂದಲೇ ಗುರುತಿಸಿದರು. ಏನನ್ನೂ ಕತ್ತರಿಸಲಿಲ್ಲ. ತಮ್ಮ ಗಿರಾಕಿಗಳು ಕೇಳುವುದು ಇಂಥದನ್ನೇ, ಇಪ್ಪತ್ತೆರಡು ಕ್ಯಾರೆಟ್ ತೋರಿಸಿದರೆ 'ತೀರಾ ಹಳದಿ, ನಕಲಿ ಥರ ಇದೆ' ಎಂದು ಮುಖ ತಿರುಗಿಸುತ್ತಾರೆ ಎಂದರು. ಸರ, ಓಲೆ, ಬಳೆಗಳನ್ನು ಒಡವೆಯಾಗಿಯೇ ಕೊಂಡರು. ಉಂಗುರ ಕೈಗೆ ಬಂದಾಗ ಮಾತ್ರ ಅವರ ಮುಖ ಗಂಟಿಕ್ಕಿತು.

"ಯೇ ಕಿಸ್ನೇ ಕಾಟಾ?" ಕತ್ತರಿಸಿದ್ದು ಯಾರೆಂದು ಕೇಳಿದರು.

ಕತ್ತರಿಸಿದ್ದಕ್ಕೆ ಒಡವೆಯ ಬೆಲೆ ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ ಬೆಹನ್‌ಜೀ ಎಂದು ಅವರು ಉಂಗುರವನ್ನು ಮರಳಿಸಿದರು. ಮುಂಗಡಕ್ಕೆ ಉಳಿದವು ಸಾಕಾದವು. ಅತ್ತಿಗೆ ಆ ಸೀಳು ಉಂಗುರವನ್ನು ಎಡಗೈಗೆ ಏರಿಸಿಕೊಂಡು, ಎರಡು ತುದಿಗಳನ್ನು ಒತ್ತಿ ಕೂಡಿಸಲು ನೋಡಿದರು. ಗಟ್ಟಿ ಲೋಹ, ಮಣಿಯಲಿಲ್ಲ. "ನಮ್ಮಮ್ಮನ ಹಾಗೇ," ಎಂದರು.

ಕೋಟ್ಲಾದ ಆ ಕೋಣೆಯಲ್ಲಿ ಅವರು ಬದುಕಿದರು. ರಷ್ಯಾಕ್ಕೆ ವೈದ್ಯಕೀಯ ಓದಲು ಹೋಗುವವರಿಗೆ ಭಾಷೆ ಕಲಿಸಿದರು. ಭಾನುವಾರಗಳಂದು ನಮ್ಮ ಕಾಲೊನಿಯ ಮಕ್ಕಳಿಗೆ ಕನ್ನಡ ಕಲಿಸಿದರು. 'ಕನ್ನಡ ಕಲಿಸೋಕೆ ನಮ್ಮವರು ಯಾರೂ ಸಿಗಲಿಲ್ವೇ?' ಎಂದು ಕೇಳಿದ ತಂದೆತಾಯಿಗಳಿದ್ದರು. ಆ ಪ್ರಶ್ನೆ ಕೇಳಿದ ಯಾರೂ ತಾವಾಗಿ ಬಂದು ಕಲಿಸಲಿಲ್ಲ. ಮೇಲಿನ ಮನೆಯ ಅಜ್ಜಿಯ ಮೊಮ್ಮಗಳು ಮಾತ್ರ ತಪ್ಪದೆ ಬಂದಳು. ಕ್ರಮೇಣ ಅಜ್ಜಿ ಮೊಮ್ಮಗಳು ಮೆಟ್ಟಿಲ ಮೇಲೆ ಕುಳಿತು ಹರಟುವುದು, ಜಗಳವಾಡುವುದು, ಎಲ್ಲವೂ ಕನ್ನಡದಲ್ಲಿ ನಡೆಯತೊಡಗಿತು. ಪಿಂಚಣಿ ಬಂದದ್ದು ಕೆಲವು ಚಳಿಗಾಲಗಳು ಉರುಳಿದ ಮೇಲೆ.

ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಶ್ವಾಸಕೋಶದ ಸೋಂಕು ಅವರನ್ನು ಆಸ್ಪತ್ರೆಗೆ ಸೇರಿಸಿತು. ಉಂಗುರವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದು ನಿಂಗೆ. ಕೊರಳಲ್ಲಿರೋದು ನನ್ನ ಜೊತೆ ಬರ್ಲಿ. ಅತ್ತೆಗೆ ಮಾತು ಕೊಟ್ಟಿದೀನಿ."

ಮೃತದೇಹವನ್ನು ಕೋಣೆಗೆ ತಂದಾಗ ಮೈಸೂರಿನಿಂದ ಮೈದುನ ಬಂದಿದ್ದರು. ಹೊರಡಿಸುವ ಮುನ್ನ ಪುರೋಹಿತರು ಕೊರಳಿನದನ್ನು ತೆಗೆಯಬೇಕೆಂದರು. ಮೈದುನ ಮುಂದೆ ಬಾಗಿ ಕೈ ಚಾಚಿದರು. ಸ್ತ್ರೀಧನದ ಕಾನೂನು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಮೊಮ್ಮಗಳ ಭುಜ ಹಿಡಿದು ನಿಂತಿದ್ದ ಮೇಲಿನ ಮನೆಯ ಅಜ್ಜಿಯ ದನಿ ಕೇಳಿಸಿತು.

"ಮುಟ್ಟಬೇಡಪ್ಪಾ. ಅದು ಅವಳದು."

ಚಾಚಿದ ಕೈ ಹಿಂದೆ ಸರಿಯಿತು. ಅತ್ತಿಗೆ ತಾಳಿಯೊಂದಿಗೇ ಹೋದರು. ಕರಗಿ ಬೂದಿಯಲ್ಲಿ ಉಳಿದ ಬಂಗಾರ ಸ್ಮಶಾನದಲ್ಲಿ ದುಡಿಯುವವರಿಗೆ ಸಿಕ್ಕಿರಬಹುದು, ಸಿಕ್ಕಿದ್ದರೆ ಸಂತೋಷ.

ಉಂಗುರ ಈಗ ನನ್ನ ಬಲಗೈ ಬೆರಳಲ್ಲಿದೆ. ಬೆಸುಗೆ ಹಾಕಿಸಿಲ್ಲ. ಮನವಿ, ದೂರು, ಕರಪತ್ರಗಳನ್ನು ಬರೆಯುವುದೇ ನನ್ನ ಕೆಲಸ. ಹೆಚ್ಚು ಹೊತ್ತು ಲೇಖನಿ ಹಿಡಿದರೆ ಆ ಸೀಳು ಚರ್ಮವನ್ನು ಕಚ್ಚುತ್ತದೆ. ಕಚ್ಚಿದಾಗ ಬರೆಯುವುದನ್ನು ನಿಲ್ಲಿಸಿ, ಯಾರ ಪರವಾಗಿ ಬರೆಯುತ್ತಿದ್ದೇನೋ ಅವಳನ್ನು ಒಂದು ಮಾತು ಕೇಳಿದ್ದೇನೆಯೇ ಎಂದು ಯೋಚಿಸುತ್ತೇನೆ. ಕೇಳಿರದಿದ್ದರೆ ಎದ್ದು ಹೋಗಿ ಕೇಳಿ ಬರುತ್ತೇನೆ.